ಕಾಯುವುದು

ನಾಸ್ಕಾದ ಶಾಲೆಯ ಮಕ್ಕಳು ವ್ಯಾನಿನಿಂದ ಧುಮುಕಿ
ಮೊದಲು ಕೇಳುವುದು ಇದನ್ನೇ: ಹಿಮ ಎಲ್ಲಿ?
ಪುಸ್ತಕದಲ್ಲಿತ್ತಲ್ಲ, ಬೆಳ್ಳನೆಯ ಬೆಟ್ಟ?
ನಾನು ಟೋಪಿ ತೆಗೆದು ಸುಟ್ಟ ಬೋಳುತಲೆ ತೋರಿಸುತ್ತೇನೆ.
ಮಳೆಯೇ ಬಾರದ ಕಡೆ ಹಿಮ ಎಲ್ಲಿಂದ ತರಲಿ, ಮಗು?
ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೊಡೆ ಬಿಚ್ಚಿದ್ದು ಒಮ್ಮೆ,
ಅದೂ ಬಿಸಿಲಿಗೆ.

ಮರಳು, ಗಾಳಿ, ಬಂಡೆ. ಆಮೇಲೆ ಗೋಡೆ,
ಭೂಶಿರದ ಕುತ್ತಿಗೆಗೆ ಅಡ್ಡಲಾಗಿ,
ನರಿ ಬಾರದ ಹಾಗೆ, ನರನೂ ಬಾರದ ಹಾಗೆ.
ಗೋಡೆಯೊಳಗೆ ಇರುವುದು ಹಕ್ಕಿಗಳ ಹಿಕ್ಕೆ.
ನಗಬೇಡಿ. ಈ ಗೊಬ್ಬರಕ್ಕಾಗಿ ಹಡಗು ಸಾಲುಗಟ್ಟಿದ್ದವು,
ದೇಶ ದೇಶ ಬಡಿದಾಡಿದ್ದವು,
ನನ್ನ ಸಂಬಳ ಬರುವುದೂ ಅದರಿಂದಲೇ.

ಅದರಲ್ಲೇ ಬಿಲ ತೋಡಿ ಮಲಗಿರುತ್ತದೆ ಹಕ್ಕಿ.
ಎದೆಗೆ ಲಾಳದಂಥ ಒಂದು ಕಪ್ಪು ಪಟ್ಟಿ,
ಕೊಕ್ಕಿನ ಬುಡದಲ್ಲಿ ಪುಕ್ಕವಿಲ್ಲದ ಗುಲಾಬಿ ತೊಗಲು:
ಬೆವರಲಾರದ ಜೀವಕ್ಕೆ ಅದೇ ಕಿಟಕಿ.
ಸಂಜೆಯಾದರೆ ಕತ್ತೆಯ ಹಾಗೆ ಒದರುತ್ತದೆ.
ಮಾರಿಲೂಸ್ ಓದಿದವಳು, ಉದ್ದದ ಹೆಸರು ಹೇಳುತ್ತಾಳೆ.
ನನ್ನಪ್ಪ, ಅವನಪ್ಪ, ದೋಣಿಯವರೆಲ್ಲ ಕರೆದದ್ದು
ಕೂಸುಹಕ್ಕಿ ಅಂತ.
ಹೊಸದಾಗಿ ಹೆಜ್ಜೆಯಿಡುವ ಕೂಸು
ಎರಡೂ ಕೈ ಅಗಲಿಸಿಕೊಂಡು ಹೊರಟಂತೆ
ಅದು ಕಡಲಿಗೆ ಹೊರಡುತ್ತದಲ್ಲ, ಅದಕ್ಕೆ.

(ಸಂಬಳ ಬಾರದ ಮೂರು ತಿಂಗಳು ಅದರ ಮೊಟ್ಟೆ
ನಾನೂ ತಿಂದಿದ್ದೇನೆ. ಬೇಯಿಸಿದರೂ ಬಿಳಿಭಾಗ
ಪೂರ್ತಿ ಬೆಳ್ಳಗಾಗುವುದಿಲ್ಲ, ಗಾಜಿನ ಹಾಗೇ ಉಳಿಯುತ್ತದೆ.
ಇದನ್ನು ಮಕ್ಕಳಿಗೆ ಹೇಳುವುದಿಲ್ಲ.)

ಆರೇಳು ವರ್ಷಕ್ಕೊಮ್ಮೆ ಬೆಟ್ಟದವರು ಬರುತ್ತಾರೆ,
ಆಂಕಾಶ್ ಕಡೆಯವರು, ಮೂಗಿಗೆ ಬಟ್ಟೆ ಕಟ್ಟಿ,
ಗುದ್ದಲಿ, ಜರಡಿ, ಗೋಣಿ.
ಹಿಂದೆ ಬಂಡೆ ಕಾಣುವ ತನಕ ಕೆರೆಯುತ್ತಿದ್ದರು.
ಬಿಲ ಕಳೆದುಕೊಂಡ ಹಕ್ಕಿ ಬಯಲಲ್ಲೇ ಮೊಟ್ಟೆಯಿಟ್ಟು
ಮೊಟ್ಟೆಗಿಂತ ಮೊದಲು ತಾನು ಬೇಯುತ್ತಿತ್ತು.
ಈಗ ಬಿಲಗಳ ಸುತ್ತ ಸುಣ್ಣದ ಗೆರೆ.
ಎಳೆದವಳು ಮಾರಿಲೂಸ್.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನು ನಾನು.

ಆದರೂ ಒಂದು ಬಿಲ ಗೆರೆಯಾಚೆ ಉಳಿದುಬಿಟ್ಟಿತ್ತು.
ತೆಯೋದೊಸಿಯೊ ಎಂಬ ಮುದುಕನ ಗುದ್ದಲಿಗೆ ಸಿಕ್ಕಿತು.
ಅವನಿಗೆ ಗೋಣಿ ಲೆಕ್ಕದಲ್ಲಿ ಕೂಲಿ.
ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದ.
ಕ್ವೆಚುವಾದಲ್ಲಿ ಏನೋ ಕೇಳಿದ, ನನ್ನನ್ನಲ್ಲ.
ಖಾಲಿ ಗೋಣಿಯೊಂದನ್ನು ಬಾಯಿಗೆ ನೆರಳಾಗಿ ಹೊದಿಸಿ,
ನಾಲ್ಕು ಕಲ್ಲು ಹೇರಿ, ದೂರ ಹೋಗಿ ಅಗೆಯತೊಡಗಿದ.
ಅಂದಿನ ಪಟ್ಟಿಯಲ್ಲಿ ಅವನಿಗೆ ಮೂರು ಗೋಣಿ ಕಮ್ಮಿ.

ಕಾಯುವುದು ನನ್ನ ಕೆಲಸ. ಮರುವರ್ಷ ಕಡಲೂ ಕಾಯಿತು.
ಅದಕ್ಕೂ ನಮ್ಮಲ್ಲಿ ಕೂಸಿನದೇ ಹೆಸರು:
ಎಲ್ ನಿನ್ಯೊ. ಕ್ರಿಸ್‌ಮಸ್ ಹೊತ್ತಿಗೆ ಬರುತ್ತದೆಂದು
ತೊಟ್ಟಿಲ ಯೇಸುವಿನ ಹೆಸರಿಟ್ಟರಂತೆ ಹಳೆಯ ಬೆಸ್ತರು.
ಕಾಲಿಟ್ಟರೆ ಉಗುರುಬೆಚ್ಚಗೆ, ಸ್ನಾನದ ನೀರಿನ ಹಾಗೆ.
ಆಂಚೊವಿ ಮೀನು ತಂಪು ಹುಡುಕಿ ತಳಕ್ಕಿಳಿಯಿತು.
ಉಳಿದದ್ದನ್ನು ಹೀರಲು ದೊಡ್ಡ ಬಲೆಯ ಹಡಗುಗಳಿದ್ದವು,
ಎಲ್ಲೋ ದೂರದ ಹಂದಿಗೆ, ಕೋಳಿಗೆ ಹಿಟ್ಟು ಮಾಡಲು.

ತಾಯಿ ಹೋದದ್ದು ಒಂದು ದಿನ, ಎರಡು ದಿನ, ಐದು ದಿನ.
ಬಿಲದ ಬಾಯಲ್ಲಿ ಮರಿ
ನನ್ನ ಬೂಟಿನ ಸದ್ದಿಗೂ ಕೊಕ್ಕು ತೆರೆಯುತ್ತಿತ್ತು.
ಕೊಡುವ ಹಾಗಿಲ್ಲ, ನಿಯಮ.
ಗೋಡೆಯ ಮೇಲೆ ರಣಹದ್ದುಗಳು ಅವಸರವಿಲ್ಲದೆ ಕೂತಿದ್ದವು.
ನರಿಗೆ ಕಟ್ಟಿದ ಗೋಡೆ, ಅವಕ್ಕೆ ಬೆಂಚು.
ಒಂದು ಕೂಸು ಇನ್ನೊಂದು ಕೂಸನ್ನು...
ಬೇಡ. ಮಾತು ಚೆನ್ನಾಗಿ ಕೂಡಿಕೊಂಡರೆ ನನಗೆ ಹೆದರಿಕೆ.

ಹದಿನೈದು ದಿನಕ್ಕೊಮ್ಮೆ ಎಣಿಕೆ.
ರೇಡಿಯೋದಲ್ಲಿ ಮಾರಿಲೂಸ್: ಎಷ್ಟು, ಎವರಿಸ್ತೊ?
ತೆಯೋದೊಸಿಯೊನ ಬಿಲದ ಮೇಲೆ ಗೋಣಿ ಇನ್ನೂ ಇತ್ತು,
ಅಂಚು ಗಾಳಿಗೆ ಎಳೆಯೆಳೆಯಾಗಿತ್ತು.
ಹೊರಗೆ ಒಂದು ದೊಡ್ಡ ಹಕ್ಕಿ, ಕಡಲಿಗೆ ಮುಖ ಮಾಡಿ.
ಎಣಿಸಿದೆ.
ಒಂದು ಸುತ್ತು ಹಾಕಿ ಬಂದು ಮತ್ತೆ ಎಣಿಸಿದೆ, ಅದನ್ನೇ.
ತಪ್ಪೆಂದು ಗೊತ್ತು.
ಪೆನ್ಸಿಲಿನಲ್ಲಿ ಬರೆದಿದ್ದೇನೆ.
ನಾಳೆ ಅಳಿಸಬಹುದು.